ಮಾಗಳದ ಪುಟ: ವಿಶ್ವಕೋಶದ ಹೊಸ ಸಂಪಾದಕನಿಗೆ ಮೊದಲ ಪಾಠ

ವಿಶ್ವಕೋಶವೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ದಪ್ಪ ರಟ್ಟಿನ ಸಂಪುಟಗಳ ಸಾಲು. ಕನ್ನಡ ನಾಡಿಗೆ ಇಂಥ ಸಾಹಸ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಾಜನೀತಿಯಿಂದ ಹಿಡಿದು ಅಡುಗೆಯವರೆಗೆ ತನಗೆ ತಿಳಿದುದನ್ನೆಲ್ಲ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥದಲ್ಲಿ ಕೂಡಿಸಿಟ್ಟನು. ಕಳೆದ ಶತಮಾನದಲ್ಲಿ ಶಿವರಾಮ ಕಾರಂತರು ಮಕ್ಕಳಿಗೆ 'ಬಾಲ ಪ್ರಪಂಚ'ವನ್ನೂ ದೊಡ್ಡವರಿಗೆ 'ವಿಜ್ಞಾನ ಪ್ರಪಂಚ'ವನ್ನೂ ಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯವು ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶವನ್ನು ಹೊರತಂದಿತು. ಇವುಗಳಲ್ಲೆಲ್ಲ ಬರೆಯುವವರು ಬೇರೆ, ಓದುವವರು ಬೇರೆ. 2001ರ ಜನವರಿ 15ರಂದು ಇಂಗ್ಲಿಷಿನಲ್ಲಿಯೂ 2003ರಲ್ಲಿ ಕನ್ನಡದಲ್ಲಿಯೂ ಆರಂಭವಾದ ವಿಕಿಪೀಡಿಯವು ಈ ಅಂತರವನ್ನೇ ಅಳಿಸಿಬಿಟ್ಟಿತು. ಓದುವವನು ಪುಟದ ಮೇಲ್ಭಾಗದಲ್ಲಿರುವ 'ಸಂಪಾದಿಸಿ' ಎಂಬ ಮಾತನ್ನು ಒತ್ತಿದರೆ ಆ ಕ್ಷಣವೇ ಬರೆಯುವವನೂ ಆಗುವನು. ಸಂಬಳವಿಲ್ಲ, ನೇಮಕಪತ್ರವಿಲ್ಲ. ಹೀಗಿದ್ದೂ ಈ ಕಟ್ಟಡ ಕುಸಿಯದೆ ನಿಂತಿರುವುದು ಹೇಗೆ?

ಉತ್ತರವನ್ನು ಒಂದು ಊರಿನ ಪುಟವನ್ನೇ ಮುಂದಿಟ್ಟುಕೊಂಡು ಹುಡುಕೋಣ. ಹೂವಿನಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ಸನಿಹದಲ್ಲಿ, ಮಾಗಳವೆಂಬ ಗ್ರಾಮವಿದೆ. ಚಾಲುಕ್ಯ ಶೈಲಿಯ ವೇಣುಗೋಪಾಲಸ್ವಾಮಿ ದೇವಾಲಯದಿಂದ ಅದು ವಿದ್ವಾಂಸರಿಗೆ ಪರಿಚಿತ. ಆ ಊರಿನ ತರುಣನೊಬ್ಬನು ತನ್ನೂರಿನ ವಿಷಯವನ್ನು ಬರೆಯಲು ಕುಳಿತನೆಂದು ಭಾವಿಸೋಣ. ಮೊದಲ ದಿನವೇ ಅವನು ನಿಜವಾದ ಪುಟಕ್ಕೆ ಕೈಹಾಕಬೇಕಾಗಿಲ್ಲ. ಪ್ರತಿಯೊಬ್ಬ ಸದಸ್ಯನಿಗೂ 'ಪ್ರಯೋಗಪುಟ'ವೆಂಬುದೊಂದು ದೊರೆಯುವುದು. ಅಲ್ಲಿ ಏನನ್ನು ಬರೆದು ಅಳಿಸಿದರೂ ಲೋಕಕ್ಕೆ ನಷ್ಟವಿಲ್ಲ. ಹಿಂದೆ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದಂತೆಯೇ ಇದು.

ನಮ್ಮ ಹೊಸ ಸಂಪಾದಕನನ್ನು ಕಾಡುವ ಮೊದಲ ಭಯವೆಂದರೆ, ತನ್ನ ಕೈಯಿಂದ ಏನಾದರೂ ಕೆಟ್ಟುಹೋದೀತೆಂಬುದು. ಈ ಭಯಕ್ಕೆ ಆಧಾರವಿಲ್ಲ. ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಎಂಬವರು 1995ರಲ್ಲಿ ರೂಪಿಸಿದ ವಿಕಿ ಪದ್ಧತಿಯಲ್ಲಿ (ಹವಾಯಿ ದ್ವೀಪದ ನುಡಿಯಲ್ಲಿ ಆ ಪದಕ್ಕೆ 'ಬೇಗ' ಎಂದರ್ಥ) ತಿದ್ದುವುದು ಎಷ್ಟು ಸುಲಭವೋ ತಿದ್ದಿದುದನ್ನು ಹಿಂದಕ್ಕೆ ತರುವುದೂ ಅಷ್ಟೇ ಸುಲಭ. ವಿಕಿಪೀಡಿಯದಲ್ಲಿ ಪುಟವನ್ನು ಉಳಿಸಿದಾಗಲೆಲ್ಲ ಹಳೆಯ ಪ್ರತಿ ಅಳಿಯದೆ ಹಾಗೆಯೇ ನಿಲ್ಲುವುದು, ಹೊಸ ಪ್ರತಿ ಅದರ ಮೇಲೆ ಸೇರುವುದು. 'ಇತಿಹಾಸ'ದ ಪುಟದಲ್ಲಿ ಯಾರು, ಎಂದು, ಎಷ್ಟು ಗಂಟೆಗೆ, ಏನನ್ನು ಬದಲಿಸಿದರೆಂಬುದೆಲ್ಲ ದಾಖಲಾಗಿರುವುದು. ಗಣಕಯಂತ್ರವು ಎರಡು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಎರಡರಲ್ಲಿಯೂ ಸಮಾನವಾಗಿರುವ ಭಾಗವನ್ನು ಗುರುತಿಸಿ, ಉಳಿದುದಕ್ಕೆ ಬಣ್ಣ ಬಳಿದು ತೋರಿಸುವುದು.

ಇತಿಹಾಸದ ಪುಟದಲ್ಲಿ ಪ್ರತಿಯೊಂದು ತಿದ್ದುಪಡಿಯ ಎದುರಿಗೂ ಒಂದು ಸಂಖ್ಯೆಯಿರುವುದನ್ನು ವಾಚಕರು ಗಮನಿಸಬಹುದು. ಅದು ಪದಗಳ ಲೆಕ್ಕವಲ್ಲ, ಬೈಟುಗಳ ಲೆಕ್ಕ. ಯೂನಿಕೋಡಿನಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಒಂದು ಸಂಖ್ಯೆಯುಂಟು. ಅದನ್ನು ಸಂಗ್ರಹಿಸಿಡಲು ಈಗ ಬಳಕೆಯಲ್ಲಿರುವ ರೂಢಿಯಂತೆ ಮೂರು ಬೈಟುಗಳು ಬೇಕು. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಸಾಕು. 'ಮಾಗಳ' ಎಂಬುದು ನಮ್ಮ ಬಾಯಿಗೆ ಮೂರಕ್ಷರ. ಯಂತ್ರಕ್ಕಾದರೋ ಮಕಾರ, ಆಕಾರದ ದೀರ್ಘಚಿಹ್ನೆ, ಗಕಾರ, ಳಕಾರ ಎಂದು ನಾಲ್ಕು ಚಿಹ್ನೆ, ಅಂದರೆ ಹನ್ನೆರಡು ಬೈಟು. ಆದುದರಿಂದ ಎರಡು ಸಾವಿರ ಬೈಟುಗಳ ಕನ್ನಡ ಲೇಖನವೆಂದರೆ ಸುಮಾರು ಆರುನೂರ ಅರವತ್ತಾರು ಚಿಹ್ನೆಗಳಷ್ಟೆ. ಅಂಕೆಯನ್ನು ಕಂಡು ಯಾರೂ ಹಿಗ್ಗಬೇಕಾಗಿಲ್ಲ.

ಇನ್ನು ನಿಜವಾದ ಕಷ್ಟಕ್ಕೆ ಬರೋಣ. ತರುಣನು ಮನೆಯಲ್ಲಿ ಕೇಳಿದುದನ್ನೇ ಬರೆಯುವನು. ವಿಜಯನಗರದ ಕಾಲದಲ್ಲಿ ಹಡಗಲಿಯಿಂದ ಹಂಪೆಗೆ ಹೂವು ಹೋಗುತ್ತಿದ್ದುದರಿಂದ ಊರಿಗೆ 'ಹೂವಿನ' ಎಂಬ ವಿಶೇಷಣ ಬಂದಿತೆಂಬ ಮಾತು ಆ ಸೀಮೆಯಲ್ಲಿ ಪ್ರಚಲಿತವಾಗಿದೆ. ಅವನು ಅದನ್ನು ಸಿದ್ಧಸತ್ಯದಂತೆ ಬರೆದು ಪ್ರಕಟಿಸಿದರೆ, ಮರುದಿನ ಯಾರೋ ಅಪರಿಚಿತರು 'ಉಲ್ಲೇಖ ಬೇಕು' ಎಂದು ಚೀಟಿ ಅಂಟಿಸುವರು, ಇಲ್ಲವೆ ಸಾಲನ್ನೇ ತೆಗೆದುಹಾಕುವರು. ತನ್ನ ಅಜ್ಜನ ಮಾತನ್ನು ಸುಳ್ಳೆಂದರಲ್ಲಾ ಎಂದು ಅವನಿಗೆ ನೋವಾಗುವುದು ಸಹಜ. ಹೊಸ ಸಂಪಾದಕರಲ್ಲಿ ಅನೇಕರು ಈ ಘಟ್ಟದಲ್ಲಿಯೇ ಕೈಬಿಟ್ಟು ಹೊರಟುಹೋಗುವರೆಂಬುದನ್ನು ನಾವು ಬಲ್ಲೆವು. ಆದರೆ ಅಲ್ಲಿ ಯಾರೂ ಅಜ್ಜನನ್ನು ಸುಳ್ಳುಗಾರನೆಂದಿಲ್ಲ. ವಿಶ್ವಕೋಶವು ಕೇಳುವ ಪ್ರಶ್ನೆ 'ಇದು ನಿಜವೆ?' ಎಂಬುದಕ್ಕಿಂತ ಹೆಚ್ಚಾಗಿ 'ದೂರದ ಓದುಗನು ಇದನ್ನು ಎಲ್ಲಿ ಪರೀಕ್ಷಿಸಿ ನೋಡಬಹುದು?' ಎಂಬುದು. ಅಚ್ಚಾದ ಗ್ರಂಥವೊಂದರ ಆಧಾರದಿಂದ 'ಹೀಗೊಂದು ಪ್ರತೀತಿಯಿದೆ' ಎಂದು ಬರೆದರೆ ಅದೇ ಸಾಲು ನಿಲ್ಲುವುದು. ಆದರೂ ಹಳ್ಳಿಗಳ ಜ್ಞಾನದ ಬಹುಭಾಗ ಅಚ್ಚನ್ನೇ ಕಾಣದೆ ನಾಲಗೆಯ ಮೇಲಿರುವ ನಮ್ಮ ದೇಶದಲ್ಲಿ ಈ ನಿಯಮದಿಂದ ಕಳೆದುಹೋಗುವುದೂ ಬಹಳವಿದೆ. ಈ ಕೊರತೆಗೆ ಇನ್ನೂ ತೃಪ್ತಿಕರವಾದ ಪರಿಹಾರ ದೊರೆತಿಲ್ಲವೆಂದೇ ನಮ್ಮ ಅಭಿಪ್ರಾಯ.

ಆಧಾರಗಳು ಎಲ್ಲಿವೆ? ಇಲ್ಲಿ ಸ್ವಲ್ಪ ಚರಿತ್ರೆ ತಿಳಿದಿರಬೇಕು. ಹಡಗಲಿ ಸೀಮೆಯು 1953ರ ಅಕ್ಟೋಬರ್ 1ರವರೆಗೆ ಮದರಾಸು ಆಡಳಿತದಲ್ಲಿತ್ತು. ಆದುದರಿಂದ ಹಳೆಯ ಮೈಸೂರಿನ ಗ್ರಂಥಗಳಲ್ಲಿ ಹುಡುಕುವವನು ಬರಿಗೈಯಲ್ಲಿ ಹಿಂದಿರುಗುವನು. ಅಲೆಕ್ಸಾಂಡರ್ ರೀ ಅವರು 1896ರಲ್ಲಿ ಪ್ರಕಟಿಸಿದ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥ, ಫ್ರಾನ್ಸಿಸ್ ಅವರ 1904ರ ಬಳ್ಳಾರಿ ಜಿಲ್ಲಾ ಗೆಜೆಟಿಯರ್, ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳನ್ನೊಳಗೊಂಡ 'ದಕ್ಷಿಣ ಭಾರತದ ಶಾಸನಗಳು' ಮಾಲೆಯ ಒಂಬತ್ತನೆಯ ಸಂಪುಟ—ಇವನ್ನು ತೆರೆಯಬೇಕು. ಆಂಗ್ಲ ಗ್ರಂಥಗಳಲ್ಲಿ ಊರಿನ ಹೆಸರಿನ ದೀರ್ಘವೂ ಳಕಾರವೂ ಕಾಣುವುದು ಕಷ್ಟ. ಸ್ಥಳವನ್ನರಿಯದವನು, ಅಥವಾ ಅನುವಾದ ಯಂತ್ರವು, 'ಮಾಗಳದ ದೇವಾಲಯ'ವನ್ನು 'ಮಗಳ ದೇವಾಲಯ'ವನ್ನಾಗಿ ಮಾಡಿದರೆ ಆಶ್ಚರ್ಯವಿಲ್ಲ. ಇಂಥ ಕಡೆ ಊರಿನವನ ಒಂದು ತಿದ್ದುಪಡಿ ಪಂಡಿತರ ಹತ್ತು ಪುಟಗಳಿಗಿಂತ ಬೆಲೆಯುಳ್ಳದ್ದು. ನಕ್ಷೆಯ ವಿಷಯವೂ ಹೀಗೆಯೇ: ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್. ದಶಮಾಂಶದ ಮೊದಲ ಅಂಕೆಯಲ್ಲಿ ಒಂದು ಹೆಚ್ಚು ಕಡಮೆಯಾದರೆ ಊರು ಹನ್ನೊಂದು ಕಿಲೋಮೀಟರ್ ಸರಿದು, ಹೊಳೆಯ ಆಚೆಯ ದಡಕ್ಕೆ ಹೋಗಿ ನಿಂತೀತು!

ತಪ್ಪು ತಪ್ಪಾಗಿಯೇ ಉಳಿದರೆ ಚಿಂತೆಯಿಲ್ಲ. ಅದು ಆಧಾರದ ವೇಷ ತೊಟ್ಟು ಹಿಂದಿರುಗುವುದೇ ಅಪಾಯ. 2008ರಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬನು ಕೋಆಟಿ ಎಂಬ ದಕ್ಷಿಣ ಅಮೆರಿಕದ ಪ್ರಾಣಿಯ ಪುಟದಲ್ಲಿ, ಅದಕ್ಕೆ 'ಬ್ರೆಜಿಲಿನ ಆರ್ಡ್‌ವಾರ್ಕ್' ಎಂಬ ಹೆಸರೂ ಉಂಟೆಂದು ವಿನೋದಕ್ಕೆ ಸೇರಿಸಿದನು. ಆರ್ಡ್‌ವಾರ್ಕ್ ಆಫ್ರಿಕದ ಪ್ರಾಣಿ. ಕೋಆಟಿಗೂ ಅದಕ್ಕೂ ನಂಟಿಲ್ಲ. ಆದರೂ ಕೆಲವೇ ವರ್ಷಗಳಲ್ಲಿ ವೃತ್ತಪತ್ರಿಕೆಗಳು ಆ ಹೆಸರನ್ನು ಬಳಸಿದವು. ವಿಶ್ವವಿದ್ಯಾನಿಲಯದ ಮುದ್ರಣಾಲಯವೊಂದರ ಗ್ರಂಥದಲ್ಲಿಯೂ ಅದು ಕಾಣಿಸಿಕೊಂಡಿತು. ಬಳಿಕ ಅದೇ ಪತ್ರಿಕೆಯ ಬರಹವನ್ನು ವಿಕಿಪೀಡಿಯದ ಪುಟದಲ್ಲಿ ಆಧಾರವಾಗಿ ತೋರಿಸಲಾಯಿತು. 2014ರಲ್ಲಿ ಸಂಗತಿ ಬಯಲಾಯಿತು. ಪ್ರಾಣಿಯ ಹೆಸರನ್ನು ತಿದ್ದಲು ಲೋಕದಲ್ಲಿ ಬಹುಮಂದಿಯಿದ್ದಾರೆ. ಹಳ್ಳಿಯೊಂದರ ದೇವಾಲಯದ ಕಾಲವನ್ನು ಯಾರಾದರೂ ಇನ್ನೂರು ವರ್ಷ ಹಿಂದಕ್ಕೆ ತಳ್ಳಿದರೆ ಪರೀಕ್ಷಿಸುವವರೆಷ್ಟು ಮಂದಿ?

ಭಿನ್ನಾಭಿಪ್ರಾಯ ಬಂದಾಗ ಒಬ್ಬರು ಬರೆಯುವುದು, ಇನ್ನೊಬ್ಬರು ಅಳಿಸುವುದು ಸಭ್ಯತೆಯಲ್ಲ. ಪ್ರತಿ ಲೇಖನದ ಬೆನ್ನಿಗೂ ಒಂದು 'ಚರ್ಚೆ'ಯ ಪುಟವಿದೆ. ಎಲ್ಲರಿಗೂ ಸೇರಿದ ಮಾತಿಗೆ ಕನ್ನಡ ವಿಕಿಪೀಡಿಯದಲ್ಲಿರುವ ಜಾಗದ ಹೆಸರು 'ಅರಳಿ ಕಟ್ಟೆ'. ಹೆಸರಿಟ್ಟವರ ರಸಿಕತೆಯನ್ನು ಮೆಚ್ಚಬೇಕು.

ಕೊನೆಯದಾಗಿ ಅಭ್ಯಾಸಕ್ಕೆ ಒಂದು ಕೆಲಸ. 2021ರಲ್ಲಿ ವಿಜಯನಗರ ಜಿಲ್ಲೆ ರಚಿತವಾಗಿ ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ತಾಲ್ಲೂಕುಗಳು ಅದಕ್ಕೆ ಸೇರಿದವು. ಹರಪನಹಳ್ಳಿಯ ಕಥೆಯಂತೂ ಇನ್ನೂ ಸುತ್ತಿನದು: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, ಅಲ್ಲಿಂದ ವಿಜಯನಗರಕ್ಕೆ. ಈ ಸೀಮೆಯ ಹಳ್ಳಿಯ ಪುಟವೊಂದರಲ್ಲಿ 'ಬಳ್ಳಾರಿ ಜಿಲ್ಲೆಯಲ್ಲಿದೆ' ಎಂದು ಕಂಡರೆ ಹೊಸಬನು ಧೈರ್ಯವಾಗಿ ತಿದ್ದಲಿ. ಆದರೆ ಕಂಡಲ್ಲೆಲ್ಲ ಒಂದೇ ಏಟಿಗೆ ಬದಲಿಸಿದರೆ 1904ರ ಗೆಜೆಟಿಯರ್ ಕೂಡ ವಿಜಯನಗರ ಜಿಲ್ಲೆಯದಾಗಿಬಿಡುವುದು. ಪ್ರತಿಯೊಂದು ವಾಕ್ಯವೂ ಯಾವ ವರ್ಷದ ಮಾತನ್ನಾಡುತ್ತಿದೆಯೆಂದು ನೋಡಿಯೇ ಕೈಹಾಕಬೇಕು. ತಿದ್ದಿ ಪ್ರಕಟಿಸಿದ ಮೇಲೆ ಇತಿಹಾಸದ ಪುಟವನ್ನು ತೆರೆದು ನೋಡಲಿ. 'ಬಳ್ಳಾರಿ'ಯಲ್ಲಿ ಒತ್ತಕ್ಷರದ ವಿರಾಮಚಿಹ್ನೆಯೂ ಸೇರಿ ಏಳು ಚಿಹ್ನೆಗಳು, 'ವಿಜಯನಗರ'ದಲ್ಲಿಯೂ ಏಳು. ಎರಡೂ ಇಪ್ಪತ್ತೊಂದೇ ಬೈಟು. ಜಿಲ್ಲೆಯೇ ಬದಲಾಗಿದ್ದರೂ ಎದುರಿಗೆ ಕಾಣುವ ಅಂಕೆ ಸೊನ್ನೆ.