ಪೂರ್ವ ದೃಢೀಕರಣ ಮತ್ತು ಸಾಮಾನ್ಯ ದೃಢೀಕರಣ: ವರ್ತಕರು ಅರಿಯಬೇಕಾದ ವ್ಯತ್ಯಾಸ

ಗೋದಾಮಿನ ದಾಸ್ತಾನು, ಬಿಲ್ಲು, ರವಾನೆ ಇವೆಲ್ಲವೂ ನಿಸ್ತಂತು ಜಾಲದ ಮೂಲಕ ಲೆಕ್ಕಕ್ಕೆ ಬರುತ್ತಿರುವಾಗ, ಆ ಜಾಲವನ್ನು ಯಾರು ಯಾವಾಗ ಪ್ರವೇಶಿಸಿದರು ಎಂಬುದು ತಂತ್ರಜ್ಞರಿಗೆ ಮಾತ್ರ ಸೀಮಿತವಾದ ವಿಷಯವಲ್ಲ. ಆದುದರಿಂದ ಉಪಕರಣಗಳ ದರಪಟ್ಟಿಯಲ್ಲಿ ಕಾಣುವ ‘ಪ್ರಿ-ಅಥೆಂಟಿಕೇಶನ್’, ಅಂದರೆ ಪೂರ್ವ ದೃಢೀಕರಣ, ಎಂಬುದರ ಅರ್ಥವನ್ನು ಸದಸ್ಯರು ತಿಳಿದಿರುವುದು ಒಳಿತು.

ಸಾಮಾನ್ಯ ದೃಢೀಕರಣದಲ್ಲಿ ಉಪಕರಣವು ತಾನು ಸೇರಬಯಸುವ ಆಕ್ಸೆಸ್ ಪಾಯಿಂಟ್‌ಗೆ ನೇರವಾಗಿ ತನ್ನ ಗುರುತನ್ನು ಒಪ್ಪಿಸುತ್ತದೆ. ರೇಡಿಯಸ್ ಸರ್ವರ್ ಅದನ್ನು ಪರಿಶೀಲಿಸಿ ಒಪ್ಪಿದ ಬಳಿಕ ಕೀಲಿಗಳು ಏರ್ಪಟ್ಟು ಮಾಹಿತಿ ಸಂಚಾರ ಆರಂಭವಾಗುತ್ತದೆ. ಬಾರ್‌ಕೋಡ್ ಸ್ಕ್ಯಾನರ್ ಹಿಡಿದ ನೌಕರನು ಮತ್ತೊಂದು ಆಕ್ಸೆಸ್ ಪಾಯಿಂಟ್‌ನ ವ್ಯಾಪ್ತಿಗೆ ಸಾಗಿದಾಗ ಈ ಕ್ರಮವು ಮೊದಲಿನಿಂದ ನಡೆಯಬೇಕಾಗಿ, ನಮೂದು ತಡವಾಗಬಹುದು.

2004ರ ಐಇಇಇ 802.11ಐ ಮಾನದಂಡವು ಇದಕ್ಕೆ ಪೂರ್ವ ದೃಢೀಕರಣವನ್ನು ಒದಗಿಸಿತು. ಉಪಕರಣವು ಈಗಿನ ಆಕ್ಸೆಸ್ ಪಾಯಿಂಟ್‌ನಲ್ಲಿರುವಾಗಲೇ, ಅದರ ಮುಖಾಂತರ ಮುಂದಿನದಕ್ಕೆ ತನ್ನ ಗುರುತನ್ನು ರುಜುವಾತುಪಡಿಸುತ್ತದೆ. ಮೂಲ ಕೀಲಿಯು ಅಲ್ಲಿ ಸಂಗ್ರಹವಾಗುತ್ತದೆ. ಅಲ್ಲಿಗೆ ಹೋದ ಮೇಲೆ ಸೇರ್ಪಡೆಯಾಗಿ, ನಾಲ್ಕು ಸಂದೇಶಗಳ ವಿನಿಮಯ ಮುಗಿಸಿದರೆ ಸಾಕು. ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುವ ಜಾಲಕ್ಕೆ ಈ ವ್ಯವಸ್ಥೆ ಅನ್ವಯಿಸುವುದಿಲ್ಲ.

ಎರಡರಲ್ಲಿಯೂ ಪರಿಶೀಲನೆ ಒಂದೇ, ಭೇದವಿರುವುದು ಪರಿಣಾಮದಲ್ಲಿ. ಪೂರ್ವ ದೃಢೀಕರಣವಾದ ಮಾತ್ರಕ್ಕೆ ಮುಂದಿನ ಆಕ್ಸೆಸ್ ಪಾಯಿಂಟ್‌ನಲ್ಲಿ ಸಂಚಾರ ಆರಂಭವಾದಂತಲ್ಲ. ಮುಂಗಡ ಬಂದ ಮಾತ್ರಕ್ಕೆ ಮಾರಾಟವಾಯಿತೆಂದು ನಾವು ಲೆಕ್ಕ ಬರೆಯುವುದಿಲ್ಲವಷ್ಟೆ. 802.11ಐ ಪೂರ್ವ ದೃಢೀಕರಣಕ್ಕೆ 88ಸಿ7 ಎಂಬ ಪ್ರತ್ಯೇಕ ಈಥರ್‌ಟೈಪ್ ಸಂಖ್ಯೆಯನ್ನು ಬಳಸುತ್ತದೆ; ಸಾಮಾನ್ಯ ದೃಢೀಕರಣದ ಸಂಖ್ಯೆ 888ಇ. ಪಾನಾ ಎಂಬ ಮತ್ತೊಂದು ಪ್ರವೇಶ ಪ್ರೋಟೋಕಾಲ್‌ಗೆ ಸಂಬಂಧಿಸಿದ 2010ರ ಆರ್‌ಎಫ್‌ಸಿ 5873, ಇದೇ ಭೇದವನ್ನು ಸೂಚಿಸಲು ‘ಇ’ ಎಂಬ ಬಿಟ್ಟನ್ನು ನಿಗದಿಪಡಿಸಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಲಸ ಬಿಟ್ಟ ನೌಕರನ ಹೆಸರನ್ನು ಸರ್ವರ್‌ನಿಂದ ತೆಗೆದುಹಾಕಿದರೂ, ಆಕ್ಸೆಸ್ ಪಾಯಿಂಟ್‌ಗಳಲ್ಲಿ ಮೊದಲೇ ಸಂಗ್ರಹವಾದ ಕೀಲಿಯನ್ನು ರದ್ದುಪಡಿಸದಿದ್ದಲ್ಲಿ, ಅದರ ಅವಧಿ ತೀರುವವರೆಗೆ ಆತನ ಉಪಕರಣಕ್ಕೆ ಪ್ರವೇಶ ದೊರೆಯುವ ಸಂಭವವಿದೆ. ದಾಸ್ತಾನಿನ ಲೆಕ್ಕ ತಪ್ಪಿದಾಗ ಹೊಣೆ ಹೊರಬೇಕಾದವರು ಮಾಲೀಕರೇ.

ಆದ್ದರಿಂದ ಖರೀದಿ ಆದೇಶ ನೀಡುವ ಮುನ್ನ ಮಾರಾಟಗಾರರಿಂದ ಈ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯತಕ್ಕದ್ದು:

1. ಸಂಗ್ರಹವಾದ ಕೀಲಿಯ ಅವಧಿ ಎಷ್ಟು? ಅದನ್ನು ಕಡಿಮೆ ಮಾಡಬಹುದೇ?

2. ನೌಕರನನ್ನು ತೆಗೆದ ಕೂಡಲೇ ಎಲ್ಲ ಆಕ್ಸೆಸ್ ಪಾಯಿಂಟ್‌ಗಳಲ್ಲಿಯೂ ಕೀಲಿ ರದ್ದಾಗುವುದೇ?

3. ಪೂರ್ವ ದೃಢೀಕರಣವೂ ನಿಜವಾದ ಪ್ರವೇಶವೂ ದಾಖಲೆಯಲ್ಲಿ ಬೇರೆ ಬೇರೆಯಾಗಿ ನಮೂದಾಗುವುವೇ?

ಮೂರನೆಯದಕ್ಕೆ ಉತ್ತರ ‘ಇಲ್ಲ’ ಎಂದಾದರೆ, ಆ ದಾಖಲೆಯನ್ನು ಲೆಕ್ಕಪರಿಶೋಧನೆಯಲ್ಲಿ ಹಾಜರಿಯ ಪುರಾವೆಯಾಗಿ ಪರಿಗಣಿಸಲಾಗದು.