ಹೆಸರು ಬೇಡ, ಮಾತು ಹೊರಬರಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆ ಅಡ್ಡಹೆಸರು, ಓಣಿ ಹೇಳಿದರೆ ಸಾಕು, ಮನೆತನದ ಗುರುತು ಹತ್ತುತ್ತದೆ. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದವರು ಬಾಯಿ ಬಿಡದಿರಲು ಗುರುತು ಸಿಕ್ಕೀತೆಂಬ ಈ ಅಂಜಿಕೆಯೂ ಕಾರಣ. ದೌರ್ಜನ್ಯ ಮಾಡಿದವರು ಬಹಳ ಸಲ ಪರಿಚಿತರೇ. ಅಕ್ಕ, ತಮ್ಮ, ತಪ್ಪು ನಿಮ್ಮದಲ್ಲ. ನಿಮ್ಮ ಅನುಭವವನ್ನು ಹೆಸರಿಲ್ಲದೆ ಬರೆಯಿರಿ. ಊರು, ಓಣಿ, ಸಂಬಂಧವನ್ನೂ ಬದಲಿಸಿ. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ನಿಮ್ಮ ಕೈಯಲ್ಲೇ ಇರಲಿ. ಬರೆಯುವಾಗ ಎದೆ ನಡುಗಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲೂ ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಗಂಡುಮಕ್ಕಳಿಗೂ ಅನ್ವಯಿಸುತ್ತದೆ. ಅದರ 23ನೇ ಕಲಂ ಮಗುವಿನ ಗುರುತು ಪ್ರಕಟಿಸದಂತೆ ಮಾಧ್ಯಮಗಳನ್ನು ತಡೆಯುತ್ತದೆ. ಈಗಲೂ ಯಾವುದಾದರೂ ಮಗು ಅಪಾಯದಲ್ಲಿದ್ದರೆ ತಡ ಮಾಡಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.