ಹಳೆಯ ಸೀರೆಯಿಂದ ಮೊದಲ ಕೌದಿ

ಇದುವರೆಗೆ ಸೂಜಿ ಹಿಡಿದವರಲ್ಲವಾದರೂ ಚಿಂತೆಯಿಲ್ಲ, ಬನ್ನಿ. ಗಂಟು ಕಟ್ಟಿಟ್ಟ ಹಳೆಯ ನೂಲಿನ ಸೀರೆಯೊಂದು ನಿಮ್ಮ ಮನೆಯಲ್ಲಿದ್ದರೆ ಸಾಕು, ಅದರಿಂದ ಮಗುವಿಗೊಂದು ಕೌದಿ ಹೊಲಿಯೋಣ. ಕೌದಿ ಎಂದರೆ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹರಡಿ ಕೈಹೊಲಿಗೆಯಿಂದ ಒಂದುಗೂಡಿಸಿದ್ದು. ಧಾರವಾಡ, ವಿಜಯಪುರದ ಕಡೆ ಅದನ್ನು ಹಾಸಲೂ ಬಳಸುತ್ತಾರೆ, ಹೊದೆಯಲೂ ಬಳಸುತ್ತಾರೆ.

ಮೊದಲು ಬಟ್ಟೆಯನ್ನು ಅರಿಯಬೇಕು. ಹೊಸ ಸೀರೆಯಲ್ಲಿ ಗಂಜಿಯಿರುತ್ತದೆ. ಐದು ಪದರ ಸೇರಿಸಿದರೆ ಬಿರುಸಾಗಿ ಸೂಜಿ ಇಳಿಯುವುದಿಲ್ಲ. ವರ್ಷಗಟ್ಟಲೆ ಒಗೆದ ಸೀರೆ ಹಾಗಲ್ಲ: ಗಂಜಿ ಹೋಗಿ ಎಳೆ ಮೆತ್ತಗಾಗಿರುತ್ತದೆ, ಕುಗ್ಗುವಷ್ಟು ಕುಗ್ಗಿ ಆಗಿರುತ್ತದೆ. ಆದ್ದರಿಂದ ಹೊಸದಿಲ್ಲವೆಂದು ಹಳೆಯದನ್ನು ಹಿಡಿದಿದ್ದೇವೆ ಎಂದು ಭಾವಿಸಬೇಡಿ. ಕೌದಿಗೆ ಬೇಕಾದದ್ದೇ ಹಳೆಯದು. ಪಾಲಿಯೆಸ್ಟರ್ ಸೀರೆ ಮಾತ್ರ ಬೇಡ. ಅದು ಪದರಗಳ ನಡುವೆ ಜಾರುತ್ತದೆ, ಬೆವರನ್ನೂ ಹೀರುವುದಿಲ್ಲ.

ಈಗ ಸೀರೆಯನ್ನು ಬೆಳಕಿಗೆ ಹಿಡಿಯಿರಿ. ಪಾದಕ್ಕೆ ಉಜ್ಜಿದ ಅಂಚು, ಸೊಂಟಕ್ಕೆ ಸಿಕ್ಕಿಸಿದ ಭಾಗ ಸವೆದು ತೆಳ್ಳಗಾಗಿರುತ್ತವೆ. ಸೆರಗು ಸಾಮಾನ್ಯವಾಗಿ ಗಟ್ಟಿಯಾಗಿಯೇ ಉಳಿದಿರುತ್ತದೆ. ಸೀರೆಯ ಉದ್ದ ಸುಮಾರು 5.5 ಮೀಟರ್, ಅಗಲ ಒಂದು ಮೀಟರಿಗಿಂತ ತುಸು ಹೆಚ್ಚು. ಅದನ್ನು ನೆರಿಗೆ ಹಿಡಿದಂತೆ ಹಿಂದೆ ಮುಂದೆ ಐದು ಪದರವಾಗಿ ಮಡಚಿದರೆ, ಕತ್ತರಿಯನ್ನೇ ಮುಟ್ಟದೆ, ಹೆಚ್ಚುಕಡಿಮೆ ಚೌಕವೊಂದು ಸಿಗುತ್ತದೆ. ಮಡಚುವಾಗ ಸೆರಗು ಮೇಲಕ್ಕೆ ಬರಲಿ, ಹರಿದದ್ದು ಒಳಗೆ ಅಡಗಲಿ. ಮೇಲೆ ಉಳಿದ ತೂತಿನ ಮೇಲೆ ಬೇರೆ ಬಟ್ಟೆಯ ತುಂಡಿಟ್ಟು ಹೊಲಿಯಿರಿ. ಇದಕ್ಕೆ ತೇಪೆ ಎನ್ನುತ್ತಾರೆ. ಮಗುವಿನ ಹಳೆಯ ಅಂಗಿಯ ತುಂಡಾದರೆ ಇನ್ನೂ ಚೆಂದ.

ಮಡಚಿದ್ದನ್ನು ನೆಲದ ಮೇಲೆ ಹರಡಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ ಸುಕ್ಕು ತೆಗೆಯಿರಿ. ಆತುರ ಬೇಡ. ಇಲ್ಲಿ ಉಳಿದ ಸುಕ್ಕು ಕೊನೆಯವರೆಗೂ ಉಳಿಯುತ್ತದೆ. ಬಳಿಕ ಅಲ್ಲಲ್ಲಿ ದೊಡ್ಡ ಕಚ್ಚಾ ಹೊಲಿಗೆ ಹಾಕಿ. ಇದು ಪದರ ಸರಿಯದಂತೆ ಹಿಡಿಯುವ ತಾತ್ಕಾಲಿಕ ಹೊಲಿಗೆ, ಆಮೇಲೆ ಬಿಚ್ಚಿಬಿಡುತ್ತೇವೆ.

ಮುಖ್ಯ ಹೊಲಿಗೆ ಒಂದೇ: ಸೂಜಿಯನ್ನು ಮೇಲಿಂದ ಇಳಿಸಿ, ಸ್ವಲ್ಪ ಮುಂದೆ ಕೆಳಗಿನಿಂದ ಎತ್ತುವುದು. ಹೊಲಿಗೆ ತರಗತಿಯಲ್ಲಿ ಇದನ್ನು ರನ್ನಿಂಗ್ ಸ್ಟಿಚ್ ಎನ್ನುತ್ತಾರೆ. ಗಟ್ಟಿ ನೂಲು, ತುಸು ಉದ್ದನೆಯ ಸೂಜಿ ಇರಲಿ. ಸಾಲಿನಿಂದ ಸಾಲಿಗೆ ಎರಡು ಬೆರಳ ಅಂತರ ಸಾಕು. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಕೌದಿಯನ್ನು ಬೆಚ್ಚಗಾಗಿಸುತ್ತದೆ. ನೂಲನ್ನು ಬಿಗಿಯಾಗಿ ಎಳೆದರೆ ಆ ಗಾಳಿ ಹೋಗುತ್ತದೆ, ಬಟ್ಟೆಯೂ ಮುದುರುತ್ತದೆ.

ಸಾಲು ಎಲ್ಲಿಂದ ಹಿಡಿಯಬೇಕೆಂದು ಕೇಳುತ್ತೀರಾ? ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಸುತ್ತ ನೆಲೆಸಿರುವ ಸಿದ್ದಿ ಹೆಂಗಸರ ಕ್ರಮ ನನಗೆ ಬಲು ಇಷ್ಟ. ಆಫ್ರಿಕಾ ಮೂಲದ ಈ ಸಮುದಾಯದವರು ಅಂಚಿನಿಂದ ಆರಂಭಿಸಿ, ಸುತ್ತು ಸುತ್ತಾಗಿ ಹೊಲಿಯುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ತ್ರಿಕೋನವಾಗಿ ಮಡಚಿದ ಬಟ್ಟೆಯ ಹೂ ಇಡುತ್ತಾರೆ. ಅವರ ಕೌದಿಯನ್ನು ಸಿಕ್ಕಾಗ ತಿರುಗಿಸಿ, ಹಿಂಬದಿಯ ಹೊಲಿಗೆಯ ಸುತ್ತುಗಳನ್ನೂ ನೋಡಿ.

ಮೊದಲ ಸಾಲು ಸೊಟ್ಟಗಾದರೆ ಬಿಚ್ಚಬೇಡಿ. ಮುಂದಿನ ಸಾಲು ಅದರ ಪಕ್ಕದಲ್ಲೇ ಸಾಗಲಿ. ಇನ್ನು ಈ ಕೌದಿಯೇ ಒಂದು ದಿನ ಹರಿದರೆ ಅದರ ಮೇಲೊಂದು, ಕೆಳಗೊಂದು ಹಳೆಯ ಬಟ್ಟೆ ಹಾಸಿ, ಮತ್ತೆ ಅಂಚಿನಿಂದ ಸೂಜಿ ಹಿಡಿಯಿರಿ.